ಕಪ್ಪುಮೀನಿನ ಮೈಮೇಲೆ ಮುತ್ತು ಮೂಡಿದ್ದು

ಲೋಕ ಇನ್ನೂ ಹಸಿಮಣ್ಣಿನ ಹಾಗಿದ್ದ ಕಾಲವದು. ಬೆಟ್ಟಗಳು ಒಣಗಿ ಗಟ್ಟಿಯಾಗಿರಲಿಲ್ಲ. ನದಿಗಳಿಗೆ ತಮ್ಮ ದಾರಿ ಯಾವುದೆಂದು ಗೊತ್ತಿರಲಿಲ್ಲ. ಬೇಸರವಾದರೆ ಅವು ಮನೆಯಂಗಳಕ್ಕೆ ಬಂದು, ಜಗಲಿಗೆ ಒರಗಿ ಕೂತು, ಸುಖದುಃಖ ಮಾತಾಡಿ ಹೋಗುತ್ತಿದ್ದವು. ಈಗ ಯಾವ ನದಿ ಹಾಗೆ ಬರುತ್ತದೆ, ಹೇಳು ಮಗೂ? ಆಗ ಬರುತ್ತಿದ್ದವು.

ಕುಮಾರಧಾರೆಯ ದಂಡೆಯಲ್ಲಿ ಪೂವಕ್ಕ ಎಂಬ ಕುಂಬಾರ ಹೆಂಗಸು ಇದ್ದಳು. ಗಂಡ ಮೋಂಟ ತಿಗರಿ ತಿರುಗಿಸುತ್ತಿದ್ದ, ಅವಳು ಮಡಕೆ ತಟ್ಟುತ್ತಿದ್ದಳು. ಒಂದು ಬೆಳಿಗ್ಗೆ ಕುಮಾರಧಾರೆ ಅವರ ಅಂಗಳಕ್ಕೆ ಬಂದಳು. ಅವತ್ತು ಕೂರಲಿಲ್ಲ.

"ಪೂವಕ್ಕಾ, ಕಡಲಿಗೆ ದಾರಿ ಹುಡುಕಲು ಹೊರಟಿದ್ದೇನೆ. ಬಂಡೆ ಒಡೆದುಕೊಂಡು ಹೋಗಬೇಕು. ನೀರೆಲ್ಲ ಕೆಸರಾಗುತ್ತದೆ. ನನ್ನ ಮೀನುಗಳಲ್ಲಿ ಎಷ್ಟು ಬದುಕುತ್ತವೋ ಗೊತ್ತಿಲ್ಲ. ಬೀಜಕ್ಕೆಂದಾದರೂ ನಾಲ್ಕನ್ನು ಉಳಿಸಿ ಕೊಡುತ್ತೀಯಾ?"

ಮೋಂಟ ತಲೆ ಕೆರೆದುಕೊಂಡ. "ನದಿಯನ್ನು ಎಂತದರಲ್ಲಿ ಇಡುವುದು ಮಾರಾಯ್ತಿ?"

"ನದಿಯನ್ನಲ್ಲ, ಮೀನನ್ನು," ಎಂದಳು ಪೂವಕ್ಕ.

ಇಬ್ಬರೂ ಸೇರಿ ಅಂಗಳದಲ್ಲೇ ಒಂದು ಬಾನಿ ಕಟ್ಟಿದರು. ಅದು ತಿಗರಿಯ ಮೇಲೆ ಆಗುವ ಕೆಲಸವಲ್ಲ. ಮಣ್ಣಿನ ಸುರುಳಿ ಸುತ್ತಿದರು, ತಟ್ಟಿದರು, ಮತ್ತೆ ಸುತ್ತಿದರು. ಮೋಂಟ ಒಳಗೆ ಉದ್ದಕ್ಕೆ ಮಲಗಿದರೂ ತಲೆಯ ಕಡೆ, ಕಾಲಿನ ಕಡೆ ಇನ್ನೂ ಜಾಗವಿತ್ತು. ಸುತ್ತ ಸೌದೆ ಒಟ್ಟಿ ಸುಟ್ಟು, ಆರಲು ಬಿಟ್ಟರು. ಕುಮಾರಧಾರೆ ಬಂದು ನೀರು ತುಂಬಿಸಿದಳು.

"ಯಾರನ್ನೆಲ್ಲ ಬಿಡಲಿ?" ಎಂದು ಪೂವಕ್ಕ ಕೇಳಿದಳು.

"ನೀನೇ ಆರಿಸು. ಹೊಂದಿಕೊಂಡು ಬಾಳುವವರನ್ನು ಆರಿಸು."

"ಯಾರಿಗೆ ಯಾರು ಹೊಂದುತ್ತಾರೆ ಅಂತ ನಿನಗೇ ಗೊತ್ತಿಲ್ಲವಾ?"

"ನನಗೆ ಹೇಗೆ ಗೊತ್ತಾಗಬೇಕು ಅಕ್ಕಾ? ನನ್ನಲ್ಲಿ ಜಗಳವಾದರೆ ಸೋತವನು ದೂರ ಈಜಿ ಹೋಗುತ್ತಾನೆ. ನಿನ್ನ ಬಾನಿಯಲ್ಲಿ ಎಲ್ಲಿಗೆ ಹೋಗುತ್ತಾನೆ?"

ಅಷ್ಟು ಹೇಳಿ ನದಿ ಹೊರಟುಹೋದಳು. ಪೂವಕ್ಕ ಆ ಮಾತನ್ನು ಕಿವಿಯ ಮೇಲೆ ಹಾಕಿಕೊಂಡಳು, ಒಳಗೆ ಹಾಕಿಕೊಳ್ಳಲಿಲ್ಲ.

ಅವಳು ಚೆಲುವು ನೋಡಿ ಆರಿಸಿದಳು. ಬೆಳ್ಳಿಯಂತೆ ಹೊಳೆಯುವ ಗೆಂಡೆಮರಿಗಳು. ಮೀಸೆಯ ಮುಗುಡು. ಚಿತ್ತಾರದ ಮೈಯ ಕೊರವ. ಅರಿಶಿನ ಬಳಿದಂಥ ಪುಟಾಣಿ ಮೀನುಗಳು ಒಂದು ಬೊಗಸೆ. ಹಸಿರುಗಪ್ಪು ಬಣ್ಣದ ಅಗಲ ಮೈಯ ಕಪ್ಪುಮೀನು ಎರಡು ಜೋಡಿ. ಆಗಿನ್ನೂ ಕಪ್ಪುಮೀನಿನ ಮೈಮೇಲೆ ಒಂದೇ ಒಂದು ಚುಕ್ಕೆಯೂ ಇರಲಿಲ್ಲ.

ಮೂರನೆಯ ದಿನಕ್ಕೆ ಗೆಂಡೆಮರಿಗಳು ಅರ್ಧವಾಗಿದ್ದವು. ಕೊರವನ ಹೊಟ್ಟೆ ಉಬ್ಬಿತ್ತು.

"ಏನೋ ಇದು?" ಎಂದು ಪೂವಕ್ಕ ಕಿರುಚಿದಳು.

"ಬಾಯಿಗೆ ಹಿಡಿಸಿದ್ದು ಒಳಗೆ ಹೋಯಿತು ಅಕ್ಕಾ," ಎಂದಿತು ಕೊರವ. ಅದಕ್ಕೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಕೆಸರಿನಲ್ಲೂ ಬದುಕುವ ಜೀವ ಅದು. ಮೋಂಟ ಅದನ್ನು ಒಯ್ದು ಮಣ್ಣು ತೆಗೆದ ಹೊಂಡಕ್ಕೆ ಬಿಟ್ಟು ಬಂದ.

ಆಮೇಲೆ ಕಪ್ಪುಮೀನುಗಳ ಸರದಿ. ಬಾನಿಯ ನಡುವೆ ಇದ್ದದ್ದು ಒಂದೇ ಕಲ್ಲು. ಅದು ಎರಡು ಜೋಡಿಗೂ ಬೇಕು. ಬಾಯಿಗೆ ಬಾಯಿ ಹಿಡಿದು ಎಳೆದಾಡಿದವು, ಹುರುಪೆ ಕಿತ್ತವು. ಸೋತ ಜೋಡಿಗೆ ಓಡಲು ಜಾಗವಿರಲಿಲ್ಲ. ಪೂವಕ್ಕ ಅವನ್ನು ಬೇರೆ ಗುಡಾಣಕ್ಕೆ ಹಾಕಿದಳು. ಹಾಕಿದ ನಾಲ್ಕನೆಯ ದಿನ ಎರಡೂ ಸತ್ತು ತೇಲಿದವು.

ಪೂವಕ್ಕ ಗುಡಾಣದ ಪಕ್ಕ ಕುಕ್ಕರಗಾಲಲ್ಲಿ ಕೂತು ಅತ್ತಳು. "ನದಿ ನಂಬಿ ಕೊಟ್ಟು ಹೋದಳು. ನಾನು ಸೀರೆ ಆರಿಸುವ ಹಾಗೆ ಆರಿಸಿದೆ."

"ಇನ್ನೊಂದು ಜೋಡಿ ಇದೆಯಲ್ಲ," ಎಂದ ಮೋಂಟ.

"ಅದೂ ಹೋದರೆ ಆ ಕುಲವೇ ಹೋದ ಹಾಗೆ."

ಅವತ್ತಿನಿಂದ ಪೂವಕ್ಕ ಮಡಕೆ ತಟ್ಟುವುದನ್ನು ಬಿಟ್ಟಳು. ಬಾನಿಯ ಅಂಚಿಗೆ ಗಲ್ಲವಿಟ್ಟು ನೋಡಿದಳು. ದಿನವೆಲ್ಲ ನೋಡಿದಳು. ಗೆಂಡೆಗಳು ಮೇಲಿನ ನೀರು ಬಿಟ್ಟು ಇಳಿಯವು. ಮುಗುಡು ತಳದ ಮಣ್ಣು ಬಿಟ್ಟು ಏಳದು. ಕಪ್ಪುಮೀನಿಗೆ ನಡುನೀರು, ಒಂದು ಕಲ್ಲು, ಅದರ ಸುತ್ತ ಒಂದಿಷ್ಟು ಗಡಿ. ಮೇಲಿನವರ ಗೊಡವೆ ತಳದವರಿಗಿಲ್ಲ. ಕಣ್ಣಿಗೆ ಬಿದ್ದರಷ್ಟೇ ಜಗಳ. ಅವಳು ಒಡೆದ ಮಡಕೆಗಳನ್ನು ತಂದು ಅಲ್ಲಲ್ಲಿ ಮಗುಚಿ ಇಟ್ಟಳು. ಒಬ್ಬರಿಗೊಬ್ಬರು ಮರೆಯಾದರು. ಬಾನಿ ತಣ್ಣಗಾಯಿತು.

ಹೆಣ್ಣು ಕಪ್ಪುಮೀನು ಒಂದು ಮಡಕೆಯ ಒಳಮೈಗೆ ಮೊಟ್ಟೆ ಅಂಟಿಸಿ ಕಾವಲು ನಿಂತಿತು. ಆದರೆ ಗಂಡಿನ ಗಾಯಗಳು ವಾಸಿಯಾಗಲಿಲ್ಲ. ಮೈತುಂಬ ಹತ್ತಿಯಂಥ ಬಿಳಿ ಬೂಷ್ಟು ಎದ್ದಿತು. ಸೋಕಲು ಬಂದವರನ್ನೆಲ್ಲ ಅಟ್ಟುತ್ತಿತ್ತು. ಪೂವಕ್ಕನ ಬೆರಳನ್ನೂ ಕಚ್ಚಿತು.

ಒಂದು ಮಧ್ಯಾಹ್ನ ಅರಿಶಿನದ ಪುಟಾಣಿಯೊಂದು ಅದರ ಕಡೆಗೇ ಹೊರಟಿತು.

"ಹೋಗಬೇಡವೋ, ಕೊಂದುಬಿಟ್ಟಾನು!" ಎಂದಳು ಪೂವಕ್ಕ.

"ಹಸಿವಾಗಿದೆ ಅಕ್ಕಾ. ಅವನ ಮೈಮೇಲೆ ತಿನ್ನುವಂಥದ್ದು ಇದೆ."

ಕಪ್ಪುಮೀನು ಬಾಯಿ ತೆರೆದು ನುಗ್ಗಿತು. ಪುಟಾಣಿ ಕದಲಲಿಲ್ಲ. ಕಪ್ಪುಮೀನೇ ತಡೆದು ನಿಂತಿತು.

"ನಿನಗೆ ನನ್ನ ಕಲ್ಲು ಬೇಕಾ?"

"ಬೇಡ."

"ನಮ್ಮ ಮೊಟ್ಟೆ ಬೇಕಾ?"

"ಸುಳ್ಳು ಯಾಕೆ ಹೇಳಲಿ? ಸಿಕ್ಕಿದರೆ ಬಿಡುವುದಿಲ್ಲ. ಆದರೆ ಇವತ್ತು ಬಂದದ್ದು ಅದಕ್ಕಲ್ಲ."

ಬಾನಿಯಲ್ಲಿ ಎಲ್ಲರೂ ಹೆದರಿ ಓಡಿದವರೇ. ಎದುರು ನಿಂತು ನಿಜ ಹೇಳಿದ್ದು ಇದೊಂದೇ. ಕಪ್ಪುಮೀನು ರೆಕ್ಕೆ ಬಿಚ್ಚಿ ಅಲುಗದೆ ನಿಂತಿತು.

ಪುಟಾಣಿ ಒಂದು ಕಡೆ ಕುಟುಕಿ ಬೂಷ್ಟು ತೆಗೆಯಿತು. ಆ ಜಾಗದಲ್ಲಿ ಒಂದು ಮುತ್ತು ಹೊಳೆಯಿತು. ಇನ್ನೊಂದು ಕಡೆ ಕುಟುಕಿತು. ಇನ್ನೊಂದು ಮುತ್ತು. ಮರುದಿನ ಗೆಳೆಯರನ್ನೂ ಕರೆತಂದಿತು. ವಾರ ಕಳೆಯುವಷ್ಟರಲ್ಲಿ ಗಾಯವೆಲ್ಲ ಮಾಯ್ದು, ಕಪ್ಪು ಮೈಯ ಮೇಲೆ ಸಾಲುಸಾಲು ಮುತ್ತು. ಮೊಟ್ಟೆಯೊಡೆದು ಬಂದ ಮರಿಗಳೂ ಬೆಳೆಯುತ್ತ ಬೆಳೆಯುತ್ತ ಅದೇ ಮುತ್ತು ಉಟ್ಟವು. ಪೂವಕ್ಕ, "ಬನ್ನಿ ಮೋಂಟಾ, ಬನ್ನಿ!" ಎಂದು ಗಂಡನನ್ನು ಹೆಸರು ಹಿಡಿದೇ ಕೂಗಿಬಿಟ್ಟಳು. ಅದನ್ನು ನೆನೆದು ಇಬ್ಬರೂ ಎಷ್ಟೋ ವರ್ಷ ನಗುತ್ತಿದ್ದರು.

ಒಂದು ದಿನ ಗಾಳಿ ಬಂದು, "ನನ್ನ ಮೈಯಲ್ಲಿ ಉಪ್ಪಿನ ವಾಸನೆ ಬರುತ್ತಿದೆಯಾ ನೋಡು. ನದಿ ಇನ್ನೊಂದು ನದಿಯ ಕೈ ಹಿಡಿದು ಕಡಲು ಮುಟ್ಟಿದಳು," ಎಂದಿತು. ಅದರ ಹಿಂದೆಯೇ ಕುಮಾರಧಾರೆ ಬಂದಳು. ಅಗಲವಾಗಿದ್ದಳು, ಆಳವಾಗಿದ್ದಳು. ಮಾತು ಕಡಿಮೆಯಾಗಿತ್ತು.

"ಎಲ್ಲರನ್ನೂ ಉಳಿಸಲು ಆಗಲಿಲ್ಲ ತಂಗೀ," ಎಂದಳು ಪೂವಕ್ಕ. "ಕೆಲವರು ನನ್ನ ತಪ್ಪಿನಿಂದಲೇ ಹೋದರು."

ನದಿ ಬಾನಿಯೊಳಗೆ ಇಣುಕಿದಳು. ಮುತ್ತಿನ ಮರಿಗಳು, ಅರಿಶಿನದ ಮರಿಗಳು, ಮೇಲೆ ಗೆಂಡೆ, ಕೆಳಗೆ ಮುಗುಡು. "ಇಷ್ಟು ಚಂದವಾಗಿ ನಾನೂ ಇಟ್ಟಿರಲಿಲ್ಲ," ಎಂದು ಎಲ್ಲರನ್ನೂ ಮಡಿಲಿಗೆ ತುಂಬಿಕೊಂಡಳು.

"ಆಗಾಗ ಬಾ. ಮೊದಲಿನ ಹಾಗೆ ಜಗಲಿಯಲ್ಲಿ ಕೂತು ಮಾತಾಡುವ."

"ಆಗ ದಾರಿ ಗೊತ್ತಿರಲಿಲ್ಲ ಅಕ್ಕಾ, ಬಂದು ಕೂರುತ್ತಿದ್ದೆ. ದಾರಿ ಗೊತ್ತಾದವರಿಗೆ ನಿಲ್ಲಲು ಆಗುವುದಿಲ್ಲ," ಎಂದು ಕುಮಾರಧಾರೆ ಹರಿದುಹೋದಳು. ಮತ್ತೆ ಯಾರ ಅಂಗಳಕ್ಕೂ ಬರಲಿಲ್ಲ.

ಪೂವಕ್ಕನೇ ದಂಡೆಗೆ ಹೋಗುವುದನ್ನು ರೂಢಿ ಮಾಡಿಕೊಂಡಳು. ಕೂದಲು ನೆರೆತ ಮೇಲೂ ಸಂಜೆ ಹೋಗಿ ನೀರಿಗೆ ಕಾಲು ಇಳಿಬಿಟ್ಟು ಕೂರುತ್ತಿದ್ದಳು. ಮರಿಗಳ ಮರಿಗಳು ಬರುತ್ತಿದ್ದವು. ಅವಕ್ಕೆ ಅವಳು ಯಾರೆಂದು ಗೊತ್ತಿರಲಿಲ್ಲ. ಅವಳಿಗೆ ಅವು ಯಾರೆಂದು ಗೊತ್ತಿತ್ತು. ಅಷ್ಟು ಸಾಕಾಗುತ್ತಿತ್ತು.

ಅದಕ್ಕೇ ಮಗೂ, ಇವತ್ತಿಗೂ ಹೊಳೆಯ ತಿಳಿನೀರಿನಲ್ಲಾಗಲಿ, ಯಾರದೋ ಮನೆಯ ದೊಡ್ಡ ಗಾಜಿನ ತೊಟ್ಟಿಯಲ್ಲಾಗಲಿ, ಮುತ್ತಿನ ಮೀನು ಬಂದವರನ್ನೆಲ್ಲ ಅಟ್ಟುತ್ತದೆ. ಅರಿಶಿನದ ಪುಟಾಣಿ ಬಂದರೆ ಮಾತ್ರ ರೆಕ್ಕೆ ಬಿಚ್ಚಿ ಸುಮ್ಮನೆ ನಿಲ್ಲುತ್ತದೆ, ಒಂದು ಕಣ್ಣನ್ನು ಮೊಟ್ಟೆಯ ಮೇಲೆ ಇಟ್ಟುಕೊಂಡೇ.