ಸರದಿಯಲ್ಲಿ ನಿಂತ ಸೇತುವೆ

ಕಾಣಿಸಿಕೊಳ್ಳದೆ ಕಾಯುವ ಒಡೆಯನಿಗೆ ಶರಣು. ಅವನ ನೆನಪಿನಲ್ಲಿ ಈ ಮಾತು ತೊಡಗಲಿ.

"ಬುದ್ಧಿ, ಎಲ್ಲವನ್ನೂ ನೋಡುವವನು ಒಬ್ಬನೇ ಆದಮೇಲೆ, ಅಪ್ಪಣೆ ಕೊಡುವವನೂ ಒಬ್ಬನೇ ಇರಬೇಕಲ್ಲವೇ?"

ಪರಶಿವಮೂರ್ತಿ ಮಠಕ್ಕೆ ಬಂದು ಸ್ವಾಮಿಗಳಿಗೆ ಅಡ್ಡಬಿದ್ದು ಹೀಗೆ ಕೇಳಿದ. ಅವನು ದೊಡ್ಡ ಕಟ್ಟಡ ಕಂಪನಿಯೊಂದರ ಯಜಮಾನ. ಊರೂರಲ್ಲಿ ಅವನ ಕೆಲಸ ನಡೆಯುತ್ತಿತ್ತು. ಸಿಮೆಂಟು, ಕಬ್ಬಿಣ, ಕೂಲಿ, ಬಿಲ್ಲು ಎಲ್ಲವನ್ನೂ ಒಂದೇ ಕಡೆ ತೋರಿಸುವ ಸಾಫ್ಟ್‌ವೇರ್ ತರಿಸಿದ್ದ. ನಾಳೆ ಅದು ಎಲ್ಲ ಸೈಟುಗಳಲ್ಲೂ ಶುರುವಾಗಬೇಕು. ಸಾಮಾನು ಬಿಡುವ ಒಪ್ಪಿಗೆ ಸೈಟಿನವರದೋ ತನ್ನೊಬ್ಬನದೋ ಎಂದು ಇಂದೇ ಹೇಳಬೇಕು. ಅವರಿಗೆ ಕೊಟ್ಟರೆ ಕಳವಿನ ಭಯ. ತಾನೇ ಇಟ್ಟುಕೊಂಡರೆ ಏನೋ ಅಳುಕು. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ.

ಸ್ವಾಮಿಗಳು ನಕ್ಕರು. "ಚಾಪೆಯ ಮೇಲೆ ಕೂತಿದ್ದೀಯೋ, ಕೆಂಡದ ಮೇಲೋ? ಕೇಳು.

"ಒಬ್ಬ ಗುತ್ತಿಗೆದಾರನಿದ್ದ. ಅವನೂ ನಿನ್ನ ಹಾಗೆ ಇಂಥದೊಂದು ವ್ಯವಸ್ಥೆ ತರಿಸಿದ. ತಾನು ಒಪ್ಪಿಗೆಯ ಗುಂಡಿ ಒತ್ತದೆ ಯಾವ ಗೋದಾಮಿನಿಂದಲೂ ಒಂದು ಮೊಳೆ ಹೊರಡಬಾರದು ಎಂದ. ತನಗೆ ಬೇಕಾದವರು ಮುಂದೆ ನುಗ್ಗಿಯಾರೆಂದು, ಬಂದ ಸರದಿಯಲ್ಲೇ ಒಪ್ಪಿಗೆ ಸಿಗಬೇಕೆಂಬ ಕಟ್ಟಳೆಯನ್ನೂ ಅದರೊಳಗೆ ಹಾಕಿಸಿದ. ಅಂದಿನಿಂದ ಅವನಿಗೆ ಬಿಡುವಿಲ್ಲ. ಊಟದ ಎಲೆಯ ಮುಂದೆಯೂ ಒತ್ತುವುದೇ, ಪೂಜೆಯ ನಡುವೆಯೂ ಒತ್ತುವುದೇ.

"ಒಂದು ದಿನ ಅವನ ಸೇತುವೆಯ ಕೆಲಸದಲ್ಲಿ ಯಂತ್ರಕ್ಕೆ ಅರಿಸಿನ ಕುಂಕುಮವಿಟ್ಟು, ಕಾಯಿ ಒಡೆದು, ಕಾಂಕ್ರೀಟು ಸುರಿಯತೊಡಗಿದರು. ತೊಡಗಿದ ಮೇಲೆ ಮುಗಿಯುವ ತನಕ ನಿಲ್ಲಿಸಬಾರದು, ನೀನು ಬಲ್ಲೆ. ನಡುವೆ ಸಿಮೆಂಟು ಸಾಲದೆ ಹೋಯಿತು. ಗೋದಾಮು ಎದುರಿಗೇ ಇದೆ, ಚೀಲಗಳು ಒಳಗೇ ಇವೆ. ಒಪ್ಪಿಗೆ ಮಾತ್ರ ಬಂದಿಲ್ಲ.

"'ಬೇಗ ಒತ್ತಿ ಸಾರ್! ಸುರಿದದ್ದು ಬಿಗೀತಾ ಇದೆ!' ಎಂದು ಇಂಜಿನಿಯರು ಫೋನಿನಲ್ಲಿ ಕೂಗಿಕೊಂಡ.

"'ಒತ್ತುತ್ತಲೇ ಇದ್ದೀನಿ ಕಣಯ್ಯಾ! ಪೊರಕೆ ಆಯ್ತು, ಬಕೆಟ್ ಆಯ್ತು, ಇನ್ನು ಆ ಊರಿನ ಸುಣ್ಣ ಮುಗಿದರೆ ನಿನ್ನ ಸೇತುವೆಯೇ!' ಎಂದ ಗುತ್ತಿಗೆದಾರ."

ಪರಶಿವಮೂರ್ತಿಗೆ ನಗು ಬಂತು. ಬಂದ ನಗು ತುಟಿಯಲ್ಲೇ ನಿಂತಿತು.

"ಸೇತುವೆಯ ಸರದಿ ಬಂತು, ಅವನು ಒತ್ತಿದ, ಚೀಲಗಳೂ ಹೊರಬಂದವು," ಎಂದರು ಸ್ವಾಮಿಗಳು. "ಅಷ್ಟರಲ್ಲಿ ಮೊದಲು ಸುರಿದದ್ದು ಕಲ್ಲಾಗಿತ್ತು. ಹೊಸದು ಅದರೊಡನೆ ಬೆಸೆಯಲಿಲ್ಲ. ಕಾಯಿ ಒಡೆದ ಜನರೇ ಸುತ್ತಿಗೆ ಹಿಡಿದು ಅಷ್ಟನ್ನೂ ಒಡೆದು ಹಾಕಿದರು. ಅಲ್ಲಿ ಯಾರೂ ಕದಿಯಲಿಲ್ಲ, ಯಾರೂ ಮಲಗಲಿಲ್ಲ. ಗುತ್ತಿಗೆದಾರನಂತೂ ಕಣ್ಣು ಮಿಟುಕಿಸಿರಲಿಲ್ಲ."

ಪರಶಿವಮೂರ್ತಿ ಚಡಪಡಿಸಿದ. ತನ್ನ ಸೈಟುಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು.

"ಹಾಗಾದರೆ ಎಲ್ಲ ಅವರ ಕೈಗೆ ಬಿಟ್ಟು ನಾನು ಕಣ್ಣು ಮುಚ್ಚಿಕೊಂಡಿರಲೇ, ಬುದ್ಧಿ? ಒಡೆಯನ ಅಪ್ಪಣೆಗೆ ಬೆಲೆಯೇ ಇಲ್ಲವೇ?"

ಸ್ವಾಮಿಗಳು ಮೆಲ್ಲನೆ ಹೇಳಿದರು: "ಎಲ್ಲವನ್ನೂ ನೋಡುವ ಶಿವನ ಅಪ್ಪಣೆಯಿಲ್ಲದೆ ಹುಲ್ಲುಕಡ್ಡಿಯೂ ಅಲ್ಲಾಡದು ನಿಜ, ಆದರೆ ಆ ಅಪ್ಪಣೆಯನ್ನು ಅವನು ಹುಲ್ಲಿನ ಬೇರಿನಲ್ಲೇ ಇಟ್ಟಿದ್ದಾನಪ್ಪ."

ಪರಶಿವಮೂರ್ತಿ ಅಲ್ಲೇ ಫೋನು ತೆಗೆದು, ಸಾಮಾನು ಬಿಡುವ ಒಪ್ಪಿಗೆ ಆಯಾ ಸೈಟಿನವರದೇ ಇರಲಿ, ಲೆಕ್ಕ ಮಾತ್ರ ತನಗೆ ಕಾಣುತ್ತಿರಲಿ ಎಂದು ಹೇಳಿದ.

ಈ ಕತೆಗೆ ಕಿವಿಗೊಟ್ಟವರ ಕೆಲಸ ನಡುವೆ ನಿಲ್ಲದಿರಲಿ, ಮನಸ್ಸು ನೆಲೆ ನಿಲ್ಲಲಿ, ಎಲ್ಲರಿಗೂ ಒಳಿತಾಗಲಿ.