ಎಂಟನೆಯ ಜಾಗ

ಬಿಳಿಕಲ್ಲು ಗುಡ್ಡದ ಬುಡದಲ್ಲಿ ಒಂದು ಕುರುಚಲು ಕಾಡು. ಕಾಡಿನ ನಡುವೆ ಒಂದು ಹೊಂಡ. ಹೊಂಡದ ದಡದಲ್ಲಿ ಕೋರಮ್ಮ ಎಂಬ ಕಾಡುಹಂದಿ ತನ್ನ ಮಕ್ಕಳು, ತಂಗಿಯರು, ತಂಗಿಯರ ಮಕ್ಕಳು ಎಲ್ಲರನ್ನೂ ಕಟ್ಟಿಕೊಂಡು ಬಾಳುತ್ತಿದ್ದಳು. ಮಳೆಗಾಲದಲ್ಲಿ ಹೊಂಡ ತುಂಬುತ್ತಿತ್ತು. ಚೈತ್ರ ಮುಗಿಯುವಷ್ಟರಲ್ಲಿ ಒಣಗಿ ಬಿರುಕು ಬಿಡುತ್ತಿತ್ತು. ಪ್ರತಿ ಬೇಸಿಗೆಯಲ್ಲೂ ಆ ಹಿಂಡಿನ ಒಂದೆರಡು ಮರಿಗಳು ಬಾಯಾರಿ ಸಾಯುತ್ತಿದ್ದವು.

ಈ ವರ್ಷ ಹೊಸದಾಗಿ ಕಾಲೇಜು ಸೇರಿರುವ ಮಕ್ಕಳೇ, ಹಂದಿಯ ಕತೆ ನಮಗೇಕೆ ಎಂದು ಮೂಗು ಮುರಿಯಬೇಡಿ. ನಾನು ಇಪ್ಪತ್ತೊಂಬತ್ತು ವರ್ಷ ತರಗತಿಯಲ್ಲಿ ಹಾಜರಿ ಕೂಗಿದವನು. ಯಾರ ಹೆಸರಿಗೆ ಯಾವ ಬೆಂಚಿನಿಂದ ಯಾರ ದನಿ ಬರುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಸುಮ್ಮನೆ ಕೂತು ಕೇಳಿ.

ಗುಡ್ಡದಿಂದ ಎರಡು ದಿನ ನಡೆದರೆ ಒಂದು ದೊಡ್ಡ ಮರಳು ಹೊಳೆ ಸಿಗುತ್ತಿತ್ತು. ಅಲ್ಲಿ ಭದ್ರಮ್ಮ ಎಂಬ ಮುದಿ ಆನೆ ಇದ್ದಳು. ಒಣಗಿದ ಹೊಳೆಯ ಮರಳಿನಡಿ ನೀರು ಎಲ್ಲಿ ಅಡಗಿದೆ ಎಂದು ಹುಡುಕುವ ವಿದ್ಯೆ ಆ ಸೀಮೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಕಾರ್ತಿಕದಿಂದ ಮಾಘದವರೆಗೆ ನಾಲ್ಕು ತಿಂಗಳು ಅವಳು ಕಾಡಿನ ಮರಿಗಳಿಗೆ ಅದನ್ನು ಕಲಿಸುತ್ತಿದ್ದಳು.

ಒಂದು ಸಲಕ್ಕೆ ಎಂಟೇ ಮರಿಗಳು. ಅದಕ್ಕಿಂತ ಹೆಚ್ಚು ಮರಿಗಳು ಒಟ್ಟಿಗೆ ಅಗೆದರೆ ಮರಳು ಕುಸಿಯುತ್ತಿತ್ತು. ಒಂದು ಹಿಂಡಿನಿಂದ ಒಂದೇ ಮರಿ. ಕಾಡೆಲ್ಲ ಸುತ್ತಿ ಅದೇ ಹಿಂಡಿನ ಪಾಳಿ ಮತ್ತೆ ಬರಬೇಕಾದರೆ ಹನ್ನೆರಡು ವರ್ಷ ಬೇಕು. ಹಂದಿಯ ಆಯಸ್ಸೇ ಅಷ್ಟಿರುವುದಿಲ್ಲ.

ಆ ವರ್ಷ ಪಾಳಿ ಕೋರಮ್ಮನ ಹಿಂಡಿಗೆ ಬಂತು. ಅವಳಿಗೆ ಓದುವ ವಯಸ್ಸಿನ ಮಕ್ಕಳು ಇಬ್ಬರು. ದೊಡ್ಡವನು ದುಂಡ, ಚಿಕ್ಕವಳು ಸಣ್ಣಿ.

"ಅವ್ವಾ, ನಾನು ಹೋಗ್ತೀನಿ" ಎಂದಳು ಸಣ್ಣಿ. "ಮಳೆ ಬರೋ ಮುಂಚೇನೇ ನಂಗೆ ಅದರ ವಾಸನೆ ಬರುತ್ತೆ, ನಿಂಗೇ ಗೊತ್ತಲ್ಲ."

"ಗೊತ್ತು ಕಣೇ. ಆದ್ರೂ ದುಂಡ ದೊಡ್ಡವನು, ಗಂಡು. ಅವನ ಮೂತಿ ನೋಡು, ಎಷ್ಟು ಗಟ್ಟಿಯಾಗಿದೆ. ನೀನು ಹೋದ್ರೆ ಮರಿಗಳಿಗೆ ಗೆಡ್ಡೆ ಕಿತ್ತು ಕೊಡೋರು ಯಾರು?"

ಸಣ್ಣಿ ಅಣ್ಣನನ್ನು ಗುಡ್ಡದ ತಿರುವಿನವರೆಗೆ ಕಳಿಸಿಬಂದಳು. "ಚೆನ್ನಾಗಿ ಕಲಿತು ಬಾ, ಬಂದು ನಂಗೂ ಹೇಳಿಕೊಡು" ಎಂದಳು. ಅವಳ ಮನಸ್ಸಿನಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ನನಗಂತೂ ಈಗಲೂ ಸಿಟ್ಟು ಬರುತ್ತದೆ.

ಭದ್ರಮ್ಮ ಎಂಟು ಮರಿಗಳನ್ನು ಮರಳಿನ ಮೇಲೆ ಸಾಲಾಗಿ ನಿಲ್ಲಿಸಿದಳು. ಅವಳ ಕಣ್ಣಿಗೆ ಪೊರೆ ಬಂದಿತ್ತು. ಅದಕ್ಕೆ ಬೆಳಗಾದೊಡನೆ ಒಬ್ಬೊಬ್ಬರ ಹೆಸರು ಕೂಗುವಳು. "ಬಂದಿದೀನಿ ಅಜ್ಜೀ!" ಎಂದು ಉತ್ತರ ಬಂದರೆ ಆಯಿತು. ದುಂಡನ ಹೆಸರು ಎಂಟನೆಯದು.

ಮೊದಲ ದಿನದ ಪಾಠ ಇಷ್ಟೇ: "ಕಾಲು ಮರಳಿನ ಮೇಲಿಡಿ. ಎಲ್ಲಿ ತಣ್ಣಗಿದೆ, ಹೇಳಿ." ಎರಡನೆಯ ದಿನವೂ ಅದೇ. ಮೂರನೆಯ ದಿನವೂ ಅದೇ.

ದುಂಡ ಪಕ್ಕದಲ್ಲಿದ್ದ ಕರಡಿಮರಿಯ ಕಿವಿಯಲ್ಲಿ ಗೊಣಗಿದ. ಅವಳ ಹೆಸರು ಜಾಂಬಿ. "ಮೂರು ದಿನದಿಂದ ಕಾಲಿಟ್ಕೊಂಡು ನಿಂತಿದೀವಿ. ಇದೆಂಥ ಪಾಠಾನೇ?"

"ನಂಗೆ ಇವತ್ತು ಸ್ವಲ್ಪ ಗೊತ್ತಾಯ್ತು ಕಣೋ" ಎಂದಳು ಜಾಂಬಿ. "ಆ ಬಂಡೆ ಪಕ್ಕ ತಣ್ಣಗಿದೆ. ನಿಂಗೆ ಅನಿಸಲಿಲ್ವಾ?"

ದುಂಡನಿಗೆ ಏನೂ ಅನಿಸಿರಲಿಲ್ಲ. ಅವನ ಗಮನವೆಲ್ಲ ಹೊಳೆಯಾಚೆಯ ಬೋರೆ ಪೊದೆಗಳ ಮೇಲಿತ್ತು. ಹಣ್ಣು ತುಂಬಿದ ಪೊದೆಗಳು. ಪಕ್ಕದಲ್ಲೇ ಹೊರಳಾಡಲು ಒಳ್ಳೆಯ ಕೆಸರು.

ನಾಲ್ಕನೆಯ ದಿನ ಅವನು ಪೊದೆಯಲ್ಲಿ ಹಣ್ಣು ಮೇಯುತ್ತಿದ್ದಾಗ ಮೇಲಿನ ಕೊಂಬೆಯಿಂದ ಅವನದೇ ದನಿ ಕೇಳಿಸಿತು. "ಬಂದಿದೀನಿ ಅಜ್ಜೀ!"

ದುಂಡ ಬೆಚ್ಚಿ ತಲೆಯೆತ್ತಿದ. ಬಾಲ ಕುಣಿಸುತ್ತ ಒಂದು ಕಾಜಾಣ ಕೂತಿತ್ತು. ಕಾಡಿನ ಯಾವ ಪ್ರಾಣಿಯ ದನಿಯನ್ನಾದರೂ ಥೇಟ್ ಹಾಗೇ ಅನುಕರಿಸುವ ಹಕ್ಕಿ ಅದು.

"ಹೆಂಗಿದೆ? ನಿಮ್ಮವ್ವ ಬಂದ್ರೂ ಗುರುತು ಹಿಡಿಯಲ್ಲ" ಎಂದಿತು ಕಾಜಾಣ. "ನೀನು ಮೂತಿಯಿಂದ ನೆಲ ಕೆದರಿದಾಗ ಹುಳ ಹಾರ್ತಾವಲ್ಲ, ಅವು ನಂಗೆ. ಬೆಳಗ್ಗೆ ನಿನ್ನ ಹೆಸರಿಗೆ ಕೂಗೋದು ನನ್ನ ಕೆಲಸ. ಆಗಬಹುದಾ?"

"ಅಜ್ಜಿಗೆ ಗೊತ್ತಾದ್ರೆ?"

"ಇವತ್ತು ಕೂಗಿ ಬಂದಿದೀನಪ್ಪ. ಗೊತ್ತಾಯ್ತಾ?"

ಆನೆಗೆ ಕಣ್ಣಿಲ್ಲದಿದ್ದರೇನು, ಸೊಂಡಿಲಿಲ್ಲವೇ, ವಾಸನೆ ಹಿಡಿಯುವುದಿಲ್ಲವೇ ಎಂದು ಕೇಳುವಿರಿ. ಇಂಥ ಪ್ರಶ್ನೆ ಕೇಳುವುದರಲ್ಲಿ ನೀವು ಜಾಣರು. ಎಂಟು ಮರಿಗಳೂ ಹೊಳೆಯ ಒಂದೇ ಕೆಸರಲ್ಲಿ ಹೊರಳಿ ಬರುತ್ತಿದ್ದುದರಿಂದ ಎಲ್ಲಕ್ಕೂ ಒಂದೇ ವಾಸನೆ. ಅದಕ್ಕಿಂತ ಮುಖ್ಯವಾಗಿ, ನೀರಿನ ವಿಷಯದಲ್ಲಿ ಯಾರಾದರೂ ಮೋಸ ಮಾಡಬಹುದು ಎಂಬ ಯೋಚನೆಯೇ ಆ ಮುದುಕಿಗೆ ಬರಲಿಲ್ಲ.

ಅಂದಿನಿಂದ ದುಂಡ ಬೋರೆ ಪೊದೆಯಲ್ಲಿ, ಅವನ ದನಿ ತರಗತಿಯಲ್ಲಿ. ಜಾಂಬಿ ಒಂದೆರಡು ಸಲ ಪೊದೆಯವರೆಗೆ ಬಂದು ಕರೆದಳು.

"ಇವತ್ತು ಹೊಳೆ ತಿರುವಿನ ಪಾಠ ಆಯ್ತು. ಹೇಳ್ಲಾ?"

"ಕೊನೇಲಿ ಎಲ್ಲಾ ಒಟ್ಟಿಗೆ ಹೇಳು ಮಾರಾಯ್ತಿ. ಒಂದೇ ದಿನದಲ್ಲಿ ಕಲಿತುಬಿಡ್ತೀನಿ."

ಆ ಒಂದು ದಿನ ಬರಲೇ ಇಲ್ಲ. ಮಾಘ ಮುಗಿದ ಬೆಳಗ್ಗೆ ಬೀಳ್ಕೊಡುಗೆ ಆದೊಡನೆ ಜಾಂಬಿಯ ಅಪ್ಪ ಬಂದು ಅವಳನ್ನು ಕರೆದುಕೊಂಡು ಹೋದ. ಪರೀಕ್ಷೆ ಇಡುವ ಪದ್ಧತಿ ಅಲ್ಲಿರಲಿಲ್ಲ. ಭದ್ರಮ್ಮ ಎಂಟು ಹಣೆಗಳಿಗೂ ಕೆಮ್ಮಣ್ಣು ಹಚ್ಚಿ, "ಒಂದು ದಿನಾನೂ ತಪ್ಪಿಸದೆ ಬಂದಿರಿ ಮಕ್ಕಳೇ. ಇನ್ನು ನಿಮ್ಮ ನಿಮ್ಮ ಹಿಂಡನ್ನ ಕಾಪಾಡ್ಕೊಳ್ಳಿ" ಎಂದು ಹರಸಿ ಕಳಿಸಿದಳು. ದುಂಡನ ಹಣೆಗೂ ಹಚ್ಚಿದಳು.

ಆ ಕೆಂಪು ಹಣೆ ಕಂಡು ಹಿಂಡಿಗೆ ಹಿಂಡೇ ಕುಣಿಯಿತು. ಕೋರಮ್ಮ ಅತ್ತುಬಿಟ್ಟಳು. ಬಾಣಂತಿ ಚಿಕ್ಕಮ್ಮ ತನ್ನ ಅವಳಿ ಮರಿಗಳನ್ನು ಮುಂದೆ ತಳ್ಳಿ, "ನಿಮ್ಮಣ್ಣ ಕಣ್ರೋ, ಈ ಬೇಸಿಗೇಲಿ ನಿಮಗೆ ನೀರು ಕುಡಿಸೋನು ಇವನೇ" ಎಂದಳು.

ಸಣ್ಣಿ ಓಡಿ ಬಂದಳು. "ಏನೇನು ಕಲಿತೆ? ನಂಗೂ ಹೇಳು."

"ನಿಂಗೆ ಅರ್ಥ ಆಗಲ್ಲ ಬಿಡು. ಅದೆಲ್ಲ ದೊಡ್ಡ ವಿಷಯ" ಎಂದ ದುಂಡ.

ಚೈತ್ರದ ಕೊನೆಗೆ ಹೊಂಡ ಒಣಗಿತು. ಆದರೆ ಆ ವರ್ಷ ಯಾರೂ ಗಾಬರಿಯಾಗಲಿಲ್ಲ. ಬೇರೆ ವರ್ಷಗಳಲ್ಲಾಗಿದ್ದರೆ ಕೋರಮ್ಮ ಹೊಂಡದ ತಳ ಕಾಣುವ ಮೊದಲೇ ಹಿಂಡನ್ನು ದೂರದ ನೀರಿನ ಕಡೆಗೆ ಹೊರಡಿಸುತ್ತಿದ್ದಳು. ಈ ಸಲ ಕೊನೆಯ ಹನಿಯವರೆಗೂ ನಿಶ್ಚಿಂತೆಯಿಂದ ಕೂತಳು. ಮನೆಯಲ್ಲಿ ಕಲಿತವನಿದ್ದಾನಲ್ಲ!

ಎಲ್ಲರೂ ದುಂಡನ ಹಿಂದೆ ಪಕ್ಕದ ಒಣಹಳ್ಳಕ್ಕೆ ಬಂದರು. ನಡುಹಗಲು. ಮರಳು ಕಾಲು ಸುಡುತ್ತಿತ್ತು. ದುಂಡ ಗಂಭೀರವಾಗಿ ಅತ್ತಿತ್ತ ನೋಡಿ ಹಳ್ಳದ ನಟ್ಟನಡುವೆ ನಿಂತ. ಎಲ್ಲರಿಗೂ ಚೆನ್ನಾಗಿ ಕಾಣುವ ಜಾಗ ಅದು.

"ಇಲ್ಲಿ" ಎಂದ.

ಅಗೆದರು. ನೀರಿಲ್ಲ. ಹತ್ತು ಹೆಜ್ಜೆ ಮುಂದೆ ಅಗೆದರು. ಅಲ್ಲೂ ಇಲ್ಲ. ಸಣ್ಣಿ ಮೂಗನ್ನು ಗಾಳಿಗೊಡ್ಡಿ ನಿಂತಿದ್ದಳು.

"ಅಣ್ಣಾ, ಆ ತಿರುವಿನಲ್ಲಿ ಹೊಂಗೆ ಮರ ಇದೆಯಲ್ಲ, ಅಲ್ಲಿಂದ ತಂಪು ವಾಸನೆ ಬರ್ತಿದೆ."

"ಭದ್ರಮ್ಮನ ಹತ್ರ ಕಲಿತೋನು ನಾನಾ, ನೀನಾ?"

ಎಲ್ಲರೂ ದುಂಡನ ಕಡೆಯೇ ನಿಂತರು. ಸಣ್ಣಿ ಒಬ್ಬಳೇ ಹೊಂಗೆಯ ಬುಡಕ್ಕೆ ಹೋಗಿ ಅಗೆಯತೊಡಗಿದಳು. ಎದೆಮಟ್ಟ ಅಗೆದಳು. ಕೆಳಗಿನ ಮರಳು ಒದ್ದೆಯಾಗಿತ್ತು. ಅಷ್ಟರಲ್ಲಿ ಗೋಡೆ ಕುಸಿದು ಗುಂಡಿ ಮುಚ್ಚಿಹೋಯಿತು. ಮತ್ತೆ ಅಗೆದಳು, ಮತ್ತೆ ಕುಸಿಯಿತು.

"ಸಾಕು ಬಾರೇ! ಕಲಿತೋನು ಅಲ್ಲಿ ಬೆವರು ಸುರಿಸ್ತಿದಾನೆ, ನಿಂದೇನು ಇಲ್ಲಿ ಆಟ?" ಎಂದು ಕೋರಮ್ಮ ಗದರಿ ಕರೆದಳು. ಸಣ್ಣಿ ಅಣ್ಣನ ಗುಂಡಿಗೆ ಬಂದು ಅವನ ಜೊತೆ ಅಗೆದಳು.

ಸಂಜೆಯವರೆಗೆ ಒಂಬತ್ತು ಕಡೆ ಅಗೆದರು. ಒಂಬತ್ತನೆಯ ಗುಂಡಿಯಲ್ಲಿ ದುಂಡ ಕುಸಿದು ಕೂತ.

"ಅಣ್ಣಾ, ಅಜ್ಜಿ ಹೇಳಿದ್ದು ಒಂದೇ ಒಂದು ಮಾತು ನೆನಪು ಮಾಡ್ಕೋ" ಎಂದು ಸಣ್ಣಿ ಬೇಡಿಕೊಂಡಳು.

ದುಂಡ ಬಾಯಿ ತೆರೆದ. "ನಾನು... ಮೂರು ದಿನ ಹೋಗಿದ್ದೆ" ಎಂದ.

ಕೋರಮ್ಮ ತುಂಬ ಹೊತ್ತು ಮಗನ ಹಣೆಯನ್ನೇ ನೋಡಿದಳು. ಆಮೇಲೆ ತಿರುಗಿ ಹಿಂಡಿಗೆ, "ಏಳಿ. ಸಣ್ಣಿ ಅಗೆದದ್ದೂ ಕುಸೀತು. ಭದ್ರಮ್ಮನ ಹೊಳೆಗೆ ಹೋಗೋಣ" ಎಂದಳು.

ಎರಡು ದಿನದ ದಾರಿ. ನೀರು ಕುಡಿದು ಹೊರಟವರಿಗೆ ಅದು ಎರಡು ದಿನ. ಚಿಕ್ಕಮ್ಮನ ಅವಳಿ ಮರಿಗಳಲ್ಲಿ ಒಂದು ಮೊದಲ ದಿನ ಮಧ್ಯಾಹ್ನ ಕಾರೆಪೊದೆಯ ನೆರಳಲ್ಲಿ ಮಲಗಿತು, ಏಳಲಿಲ್ಲ. ಇನ್ನೊಂದನ್ನು ದುಂಡ ಮೂತಿಯಿಂದ ತಳ್ಳಿಕೊಂಡು, ತಳ್ಳಿಕೊಂಡು ಮರುದಿನದವರೆಗೆ ತಂದ. ಹೊಳೆ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಅದೂ ಹೋಯಿತು.

ಭದ್ರಮ್ಮ ತನ್ನ ಗುಂಡಿಗಳನ್ನು ಬಿಟ್ಟುಕೊಟ್ಟಳು. ಎಲ್ಲರೂ ಕುಡಿದರು. ಚಿಕ್ಕಮ್ಮ ಮಾತ್ರ ಗುಂಡಿಯ ಹತ್ತಿರ ಬರಲಿಲ್ಲ. ಸಣ್ಣಿ ಅವಳನ್ನು ಮೈಯಿಂದ ಒತ್ತಿ ಕರೆತಂದು ಕುಡಿಸಿದಳು.

ದುಂಡ ನಡೆದದ್ದನ್ನೆಲ್ಲ ಹೇಳಿದ. ಬೋರೆ ಪೊದೆ, ಕಾಜಾಣ, ಹಳ್ಳದ ನಡುವಿನ ಗುಂಡಿಗಳು, ಸಣ್ಣಿ ಅಗೆದ ಹೊಂಗೆಯ ಬುಡ, ಯಾವುದನ್ನೂ ಮುಚ್ಚಿಡಲಿಲ್ಲ. ಆ ಮಟ್ಟಿಗೆ ಅವನನ್ನು ಮೆಚ್ಚಬೇಕು.

ಭದ್ರಮ್ಮ ಎಲ್ಲವನ್ನೂ ಕೇಳಿ, ಮೊದಲು ಸಣ್ಣಿಯ ಕಡೆ ಸೊಂಡಿಲು ಚಾಚಿದಳು. "ನೀರು ಅಲ್ಲೇ ಇತ್ತು ಮಗಳೇ, ಹೊಂಗೆಯ ಬುಡದಲ್ಲೇ. ನೆಟ್ಟಗೆ ಅಗೆದ್ರೆ ಗೋಡೆ ಬೀಳುತ್ತೆ. ಓರೆಯಾಗಿ ಅಗೀಬೇಕು. ಅದು ಐದನೇ ದಿನದ ಪಾಠ."

ಕೋರಮ್ಮ ಕಣ್ಣು ಮುಚ್ಚಿಕೊಂಡಳು.

"ಅಜ್ಜೀ, ನಂಗೆ ಇನ್ನೊಂದ್ಸಲ ಕಲಿಸು" ಎಂದ ದುಂಡ. "ನಾಲ್ಕು ತಿಂಗಳೂ ಕಾಲೆತ್ತದೆ ನಿಲ್ತೀನಿ."

"ಬರೋ ಕಾರ್ತಿಕಕ್ಕೆ ಎಂಟು ಹಿಂಡಿಗೆ ಮಾತು ಕೊಟ್ಟಾಗಿದೆ. ಅವರ ಮನೇಲೂ ಮರಿಗಳು ಸಾಯ್ತಾವೆ."

"ನಂಗೆ ಬೇಡ, ನನ್ನ ತಂಗಿಗಾದ್ರೂ ಕಲಿಸು. ಈ ವರ್ಷದ ಜಾಗ ಗೊತ್ತಾಯ್ತು. ಮುಂದಿನ ವರ್ಷ?"

"ಮಳೆಗಾಲದ ಪ್ರವಾಹಕ್ಕೆ ಪ್ರತಿವರ್ಷ ನೀರು ಜಾಗ ಬದಲಿಸುತ್ತೆ. ಹುಡುಕೋದು ಕಲಿತವರಿಗೇ ಸಿಗೋದು. ಆದ್ರೆ ನಿಮ್ಮ ಹಿಂಡಿನ ಪಾಳಿ ಮುಗೀತಪ್ಪ." ಭದ್ರಮ್ಮ ಸೊಂಡಿಲನ್ನು ಅವನ ಕಡೆ ತಿರುಗಿಸಿದಳು. "ನೀನು ಸೇರಿದ ದಿನವೇ ಒಂದು ಮುಳ್ಳುಹಂದಿ ತನ್ನ ಮಗಳನ್ನ ಕರ್ಕೊಂಡು ಬಂದಿತ್ತು. ಪಾಳಿ ಇಲ್ಲ, ಆದ್ರೂ ಸೇರಿಸ್ಕೋ ಅಂತ ಅತ್ತಿತ್ತು. ಎಂಟು ತುಂಬಿದೆ ಅಂತ ವಾಪಸ್ ಕಳಿಸಿದೆ. ದಿನಾ ಬೆಳಗ್ಗೆ ನಿನ್ನ ದನಿ ಕೇಳಿದಾಗ, ಕಳಿಸಿದ್ದು ಸರಿಯಾಯ್ತು ಅಂತ ಸಮಾಧಾನ ಮಾಡ್ಕೊತಿದ್ದೆ."

ಭದ್ರಮ್ಮ ದುಂಡನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಅವನಿಗೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ.

ಮೊದಲ ಮಳೆ ಬಿದ್ದ ದಿನ ಹಿಂಡು ಬಿಳಿಕಲ್ಲು ಗುಡ್ಡದ ಕಡೆ ಹೊರಟಿತು. ಮರಿಗಳು ಹೋದ ಎರಡೂ ಕಡೆ ಚಿಕ್ಕಮ್ಮ ನಿಂತಳು. ಎಲ್ಲರೂ ಅವಳಿಗಾಗಿ ಕಾದರು. ಎರಡನೆಯ ಸಲ ಕಾಯುವಾಗ ದುಂಡ ತಂಗಿಯ ಪಕ್ಕಕ್ಕೆ ಬಂದ.

"ಏನಾದ್ರೂ ಅನ್ನೇ ಸಣ್ಣಿ. ಹೊಳೆ ಬಿಟ್ಟಾಗಿನಿಂದ ನೀನು ಮಾತೇ ಆಡಿಲ್ಲ."

ಸಣ್ಣಿ ಅವನನ್ನು ನೋಡಿದಳು. "ನಿಂಗೆ ನಾಲ್ಕು ತಿಂಗಳು ಸಿಕ್ಕಿತ್ತು ಅಣ್ಣಾ" ಎಂದಳು. "ನಂಗೆ ಐದು ದಿನ ಸಾಕಿತ್ತು."

ಅಷ್ಟು ಹೇಳಿ ಅವಳು ಚಿಕ್ಕಮ್ಮನನ್ನು ಕರೆದುಕೊಂಡು ಮುಂದೆ ನಡೆದಳು. ದುಂಡ ಎಲ್ಲರೂ ದಾಟಿಹೋಗುವವರೆಗೆ ನಿಂತಿದ್ದು, ಹಿಂಡಿನ ಕೊನೆಯಲ್ಲಿ ಸೇರಿಕೊಂಡ.

ನೀತಿ: ಕಲಿಯಲು ನಿನಗೆ ಸಿಕ್ಕ ಜಾಗ ಇನ್ನೊಬ್ಬರಿಗೆ ಸಿಗದೆ ಹೋದ ಜಾಗ; ಅಲ್ಲಿ ನಿನ್ನ ಹೆಸರು ಮಾತ್ರ ಇದ್ದು ನೀನಿಲ್ಲದಿದ್ದರೆ, ಅದರ ಶಿಕ್ಷೆ ನಿನ್ನನ್ನು ನಂಬಿದವರಿಗೆ ಮೊದಲು ತಟ್ಟುತ್ತದೆ.