ಹೊಲದ ಇಲಿ ಕಲ್ಲಿನ ಬಾಗಿಲು ಹಾಕಿಕೊಂಡದ್ದು

ಲೋಕ ಇನ್ನೂ ಹೊಸದಾಗಿದ್ದ ಕಾಲ ಅದು. ಎಲ್ಲಿ ಕೂತರೆ ಸರಿ ಎಂದು ಗುಡ್ಡಗಳು ಅತ್ತಿತ್ತ ಸರಿದಾಡುತ್ತಿದ್ದವು. ಹಳ್ಳಕ್ಕೆ ತನ್ನ ದಾರಿ ಇನ್ನೂ ಬಾಯಿಪಾಠ ಆಗಿರಲಿಲ್ಲ. ಚಳಿಗಾಲ ಎಂಬುದು ಬಂದುಹೋಗಿ ಎರಡೋ ಮೂರೋ ಸಲ ಆಗಿತ್ತು, ಅಷ್ಟೆ. ಅದು ಬಂದರೆ ಏನು ಮಾಡಬೇಕೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಆ ಕಾಲದಲ್ಲಿ ನರಿಗೆ ಗವಿ ಇತ್ತು, ಹಾವಿಗೆ ಹುತ್ತ ಇತ್ತು, ಇಲಿಗೆ ಬಿಲ ಇತ್ತು. ಆದರೆ ಬಾಗಿಲು ಯಾರಿಗೂ ಇರಲಿಲ್ಲ. ಬಾಗಿಲು ಇದ್ದದ್ದು ಒಂದೇ ಒಂದು ಮನೆಗೆ. ಅದು ಮಾಳಜ್ಜಿಯ ಮನೆ.

ಮಾಳಜ್ಜಿ ಕುರಿ ಸಾಕಿ, ಉಣ್ಣೆ ನೂತು, ಕಂಬಳಿ ನೇಯುವವಳು. ಗುಡ್ಡದ ಬುಡದಲ್ಲಿ ಎರಡು ದೊಡ್ಡ ಬಂಡೆಗಳ ನಡುವೆ ಅವಳ ಮನೆ. ಮರ ಸೀಳಿ ಹಲಗೆ ಮಾಡುವುದು ಆಗ ಯಾರಿಗೂ ತಿಳಿಯದು. ಹಾಗಾಗಿ ಅವಳ ಬಾಗಿಲು ಕಲ್ಲಿನದು. ಸಂಜೆ ಕುರಿಗಳು ಬಂದ ಮೇಲೆ ಕಲ್ಲಿನ ಮೇಲೆ ಕಲ್ಲು ಒಟ್ಟಿ ಬಾಗಿಲು ಹಾಕಬೇಕು. ಬೆಳಿಗ್ಗೆ ಒಂದೊಂದೇ ಕಲ್ಲು ಇಳಿಸಿ ಬಾಗಿಲು ತೆಗೆಯಬೇಕು.

"ಅವ್ವಾ, ಇದು ಬಾಗಿಲೋ, ಹೊತ್ತು ಹೊತ್ತಿನ ಕೂಲಿಯೋ?" ಎಂದು ಅವಳ ಮಗ ಈರಗ್ಯಾತ ಸೊಂಟ ನೀವಿಕೊಳ್ಳುತ್ತಾ ಕೇಳುತ್ತಿದ್ದ.

"ಕಷ್ಟವಾದರೆ ಹೊರಗೆ ಮಲಗಪ್ಪ. ಅಲ್ಲಿ ಬಾಗಿಲಿನ ಗೊಡವೆಯೇ ಇಲ್ಲ."

ಈರಗ್ಯಾತ ಮತ್ತೆ ಬಗ್ಗಿ ಕಲ್ಲು ಒಟ್ಟುತ್ತಿದ್ದ.

ಮಾಳಜ್ಜಿ ಕಟ್ಟುನಿಟ್ಟಿನ ಹೆಂಗಸು. ನೂಲು ಒಂದು ಕೂದಲಿನಷ್ಟು ದಪ್ಪವಾದರೂ ಕಿತ್ತು ಮತ್ತೆ ನೂಲುವಳು. ಅವಳದೊಂದು ನೇಮ ಇತ್ತು. ಕುರಿ ಬೆಳೆಗೆ ಬಾಯಿ ಹಾಕಲಿ, ನಾಯಿ ಹಾಲಿಗೆ ಬಾಯಿ ಹಾಕಲಿ, ಹೆತ್ತ ಮಗನೇ ತಪ್ಪು ಮಾಡಲಿ, ಕೇಳದೆ ಶಿಕ್ಷೆ ಕೊಡುತ್ತಿರಲಿಲ್ಲ. ಆಗ ಎಲ್ಲರಿಗೂ ಮಾತು ಬರುತ್ತಿತ್ತಲ್ಲ, ಕೇಳಿದರೆ ಉತ್ತರ ಸಿಗುತ್ತಿತ್ತು.

ಆ ಚಳಿಗಾಲದಲ್ಲಿ ಮನೆಯಲ್ಲಿ ಎಳೆ ಕೂಸು ಇತ್ತು. ಸೊಸೆ ಕೆಂಚವ್ವ ಹೆತ್ತು ಇಪ್ಪತ್ತು ದಿನ. ಕೆಂಚವ್ವ ಬೆರಳ ತುದಿಯಷ್ಟು ಸಣ್ಣ ಕಲ್ಲುಗಳನ್ನು ಒಲೆಯ ಬದಿಯಲ್ಲಿ ಬೆಚ್ಚಗೆ ಮಾಡಿ, ಬಟ್ಟೆಯಲ್ಲಿ ಸುತ್ತಿ ಕೂಸಿನ ಹಾಸಿಗೆಯ ಕೆಳಗೆ ಇಡುತ್ತಿದ್ದಳು. ಮಾಳಜ್ಜಿ ಕುರಿಮರಿಗಳ ಮೈಯ ಮೆತ್ತನೆ ಉಣ್ಣೆಯನ್ನೇ ಆರಿಸಿ ಬುಟ್ಟಿಯಲ್ಲಿ ತುಂಬಿಟ್ಟು, ಕೂಸಿಗೊಂದು ಪುಟ್ಟ ಕಂಬಳಿ ನೇಯುತ್ತಿದ್ದಳು.

ಒಂದು ಬೆಳಿಗ್ಗೆ ನೋಡುತ್ತಾಳೆ, ಬುಟ್ಟಿಯ ಉಣ್ಣೆ ಕಡಿಮೆಯಾಗಿದೆ. ಮರುದಿನ ಇನ್ನೂ ಕಡಿಮೆ. ಮೂರನೆಯ ದಿನ ನೇಯ್ದ ಕಂಬಳಿಯ ಒಂದು ಮೂಲೆಯೇ ಇಲ್ಲ!

ಮಾಳಜ್ಜಿ ಸದ್ದು ಮಾಡದೆ ಬುಟ್ಟಿಯ ಹತ್ತಿರ ಕೂತಳು. ಉಣ್ಣೆ ಅಲ್ಲಾಡಿತು. ಅದರೊಳಗಿನಿಂದ ಎರಡು ಕಿವಿ, ಒಂದಿಷ್ಟು ಮೀಸೆ, ಎರಡು ಕರಿ ಕಣ್ಣು ಹೊರಗೆ ಬಂದವು. ಇಲಿ ನೆಲಕ್ಕೆ ಜಿಗಿದದ್ದೇ ಮಾಳಜ್ಜಿ ಸಟ್ಟನೆ ಮಣ್ಣಿನ ಗಡಿಗೆಯನ್ನು ಅದರ ಮೇಲೆ ಬೋರಲು ಹಾಕಿದಳು. ಗಡಿಗೆಯ ಕೆಳಗೆ ಮೊರವನ್ನು ಮೆಲ್ಲನೆ ತೂರಿಸಿದಳು. ಇಲಿಯ ಬಾಲಕ್ಕೂ ನೋವಾಗಲಿಲ್ಲ. ಇಲಿ ಸಿಕ್ಕಿಬಿತ್ತು.

"ಅತ್ತೆ, ಹೊಡೆದು ಹಾಕಿ ಅದನ್ನ," ಎಂದಳು ಕೆಂಚವ್ವ. "ನನ್ನ ಕೂಸಿನ ಕಂಬಳಿಗೇ ಬಾಯಿ ಹಾಕಿದೆ."

"ಕೇಳದೆ ಹೆಂಗೆ ಹೊಡೀಲಿ?" ಎಂದಳು ಮಾಳಜ್ಜಿ. ಗಡಿಗೆಯ ಅಂಚನ್ನು ಕೂದಲೆಳೆಯಷ್ಟು ಎತ್ತಿದಳು. "ಏನೇ, ಉಣ್ಣೆ ತಗೊಂಡೆಯಾ?"

"ತಗೊಂಡೆ ಅಜ್ಜಿ," ಎಂದಿತು ಇಲಿ. "ನಮ್ಮ ಬಿಲದಲ್ಲಿ..."

"ಕೇಳಿದ್ದಕ್ಕೆ ಮಾತ್ರ ಉತ್ತರ. ಕಂಬಳಿ ಕಚ್ಚಿದೆಯಾ?"

"ಕಚ್ಚಿದೆ ಅಜ್ಜಿ. ಅದು ಯಾಕೆ ಅಂದರೆ..."

"ಕೇಳಿದ್ದಕ್ಕೆ ಮಾತ್ರ ಅಂದೆ!"

ಮಾಳಜ್ಜಿ ಗಡಿಗೆಯ ಅಂಚನ್ನು ಇಳಿಸಿ ಸೊಸೆಯ ಕಡೆ ತಿರುಗಿದಳು.

"ಕೇಳಿದೆ, ಒಪ್ಪಿಕೊಂಡಳು," ಎಂದಳು ಮಾಳಜ್ಜಿ. "ಒಪ್ಪಿಕೊಂಡವಳನ್ನ ಹೊಡೆಯೋದು ನನ್ನ ಕೈಯಲ್ಲಿ ಆಗದು. ಮತ್ತೆ ಬಾರದಷ್ಟು ದೂರ ಬಿಟ್ಟು ಬರ್ತೀನಿ."

ಗಡಿಗೆ, ಮೊರ, ಒಳಗಿನ ಇಲಿ, ಎಲ್ಲವನ್ನೂ ಹಿಡಿದುಕೊಂಡು ಅವಳು ಹೊರಟಳು. ಕಲ್ಲು ತುಂಬಿದ ಹೊಲ ದಾಟಿದಳು, ಬದು ದಾಟಿದಳು. ಹಳ್ಳಕ್ಕೆ ಇಳಿದಳು. ನೀರು ಮೊಣಕಾಲಿನ ತನಕ ಇತ್ತು, ಕಾಲು ಕಡಿದು ಹೋಗುವಷ್ಟು ತಣ್ಣಗಿತ್ತು.

"ಮಾಳಜ್ಜಿ, ಆ ದಡದಲ್ಲಿ ಅವಳಿಗೆ ಯಾರಿದ್ದಾರೆ?" ಎಂದು ಹಳ್ಳ ಕೇಳಿತು.

"ಅದೆಲ್ಲ ನನಗ್ಯಾಕೆ? ಹೊಡೆಯಲಿಲ್ಲ, ಬಡಿಯಲಿಲ್ಲ, ಜೀವ ಸಮೇತ ಬಿಡ್ತಾ ಇದೀನಿ."

ಆಚೆ ದಡದಲ್ಲಿ ಗಡಿಗೆ ಎತ್ತಿದಳು. ಇಲಿ ಹುಲ್ಲಿನೊಳಗೆ ಹೋಗಲಿಲ್ಲ. ನೀರಿನ ಅಂಚಿನಲ್ಲಿ ನಿಂತು ಈಚೆ ದಡವನ್ನೇ ನೋಡಿತು. ಮಾಳಜ್ಜಿ ಅದನ್ನು ನೋಡಲಿಲ್ಲ. ಅವಳು ಆಗಲೇ ಮನೆಯ ಕಡೆ ತಿರುಗಿಯಾಗಿತ್ತು.

ಹೊಡೆಯಲಿಲ್ಲ, ಬಡಿಯಲಿಲ್ಲ ಎಂದುಕೊಳ್ಳುತ್ತಾ ಅವಳು ಬಂದು ಮಗ್ಗದ ಮುಂದೆ ಕೂತಳು. ಮನಸ್ಸು ಹಗುರವಾಗಿತ್ತು. ನೂಲು ಸಲೀಸಾಗಿ ಓಡಿತು.

ಹೊತ್ತು ಇಳಿಯತೊಡಗಿತು. ಮೂಡಣ ಗಾಳಿ ಎದ್ದು ಬಂದು ಬಾಗಿಲ ಹತ್ತಿರ ನಿಂತಿತು. ಕಲ್ಲುಗಳು ಇನ್ನೂ ಅರ್ಧ ಮಾತ್ರ ಏರಿದ್ದವು.

"ಬಂದೆಯಾ?" ಎಂದಳು ಮಾಳಜ್ಜಿ, ತಲೆ ಎತ್ತದೆ. "ಇರು, ಬಾಗಿಲು ಹಾಕಿಸ್ತೀನಿ."

"ಹಾಕಿಸು ಮಾಳಜ್ಜಿ. ಬಾಗಿಲಿದ್ದರೆ ತಿರುಗಿ ಹೋಗ್ತೀನಿ, ಬಾಗಿಲಿಲ್ಲದಿದ್ದರೆ ಒಳಗೆ ಹೋಗ್ತೀನಿ. ನನ್ನ ನಡೆಯೇ ಅಂಥದು." ಗಾಳಿ ಸ್ವಲ್ಪ ತಡೆದು ಹೇಳಿತು, "ನಿನ್ನ ಹೊಲದ ಬದುವಿನಲ್ಲಿ ಒಂದು ಬಿಲ ಇದೆ. ಈಗ ಅಲ್ಲಿಂದಲೇ ಬಂದೆ. ಒಳಗೆ ಆರು ಮರಿ. ಕಣ್ಣು ಬಿಟ್ಟಿಲ್ಲ, ಮೈಮೇಲೆ ಕೂದಲಿಲ್ಲ. ಒಂದಿಷ್ಟು ಉಣ್ಣೆಯೊಳಗೆ ಒಂದಕ್ಕೊಂದು ಅಂಟಿಕೊಂಡಿವೆ. ತಾಯಿ ಇಲ್ಲ."

ಮಾಳಜ್ಜಿಯ ಕೈ ನಿಂತಿತು.

"ಎಂಥ ಉಣ್ಣೆ?"

"ಬಿಳಿ ಉಣ್ಣೆ. ಮೆತ್ತಗಿದೆ, ಮರಿಯುಣ್ಣೆ. ಒಂದು ಚೂರು ನೇಯ್ದದ್ದೂ ಇದೆ."

"ಇದನ್ನ ಈಗ ಬಂದು ಹೇಳ್ತೀಯಾ?"

"ನೀನು ಕೇಳಿದ್ದರೆ ಅವಳೇ ಬೆಳಿಗ್ಗೆ ಹೇಳ್ತಿದ್ದಳು," ಎಂದಿತು ಗಾಳಿ. "ಕೇಳದೆ ಶಿಕ್ಷೆ ಕೊಡದವಳು ನೀನು ಅಂತ ಊರೆಲ್ಲ ಹೇಳುತ್ತೆ."

ಮಾಳಜ್ಜಿ ಎದ್ದು ನಿಂತಳು.

"ತಗೊಂಡೆಯಾ ಅಂತ ಕೇಳಿದೆ," ಎಂದಳು ತನಗೇ ಹೇಳಿಕೊಳ್ಳುವವಳ ಹಾಗೆ. "ಯಾಕೆ ಅಂತ ಕೇಳಲಿಲ್ಲ. ಎರಡು ಸಲ ಹೇಳೋಕೆ ಬಂದಳು. ಎರಡು ಸಲವೂ ನಾನೇ ಬಾಯಿ ಮುಚ್ಚಿಸಿದೆ."

ಸೂರ್ಯ ಗುಡ್ಡದ ನೆತ್ತಿಗಿಂತ ನಾಲ್ಕು ಬೆರಳು ಮೇಲಿದ್ದ. ಅವನು ಇಳಿದರೆ ಮುಗಿಯಿತು, ಆ ಮರಿಗಳು ಬೆಳಗು ಕಾಣುವುದಿಲ್ಲ. ಮಾಳಜ್ಜಿ ಗಡಿಗೆ ತೆಗೆದುಕೊಂಡಳು, ಬುಟ್ಟಿಯಿಂದ ಒಂದು ಹಿಡಿ ಉಣ್ಣೆ ಅದರೊಳಗೆ ಹಾಕಿಕೊಂಡಳು. ಆ ವಯಸ್ಸಿನಲ್ಲಿ ಅವಳು ಅಷ್ಟು ಜೋರಾಗಿ ನಡೆದದ್ದನ್ನು ಈರಗ್ಯಾತ ಅದೇ ಮೊದಲು ನೋಡಿದ್ದು.

ಹಳ್ಳ ಅವಳನ್ನು ಕಂಡೊಡನೆ ಶುರು ಮಾಡಿತು. "ಜೀವ ಸಮೇತ ಬಿಟ್ಟೆ ಅಂದೆಯಲ್ಲ, ಬಾ ನೋಡು. ಬೆಳಿಗ್ಗೆಯಿಂದ ಅದೇ ದಡದಲ್ಲಿ ಓಡಾಡ್ತಾ ಇದ್ದಾಳೆ. ಮೂರು ಸಲ ನೀರಿಗೆ ಬಿದ್ದಳು. ಮೂರು ಸಲ ನಾನೇ ಎತ್ತಿ ದಡಕ್ಕೆ ಹಾಕಿದೆ. ನಾಲ್ಕನೇ ಸಲ ನನ್ನಿಂದ ಆಗಲ್ಲ, ಹೇಳಿಬಿಟ್ಟಿದೀನಿ."

"ತಪ್ಪಾಯ್ತು," ಎಂದಳು ಮಾಳಜ್ಜಿ. ಹಳ್ಳಕ್ಕೆ ಆಶ್ಚರ್ಯವಾಯಿತು. ಅವಳ ಬಾಯಲ್ಲಿ ಆ ಮಾತನ್ನು ಅದು ಹಿಂದೆಂದೂ ಕೇಳಿರಲಿಲ್ಲ.

ಅವಳು ನೀರು ದಾಟಿದಳು. ಆಚೆ ದಡದಲ್ಲಿ ಇಲಿ ಒದ್ದೆಯಾಗಿ ನಡುಗುತ್ತಿತ್ತು. ಗಡಿಗೆಯನ್ನು ಕಂಡದ್ದೇ ಹುಲ್ಲಿನೊಳಗೆ ನುಗ್ಗಿತು.

ಮಾಳಜ್ಜಿ ಅಟ್ಟಿಸಿಕೊಂಡು ಹೋಗಲಿಲ್ಲ. ಗಡಿಗೆಯನ್ನು ನೆಲದ ಮೇಲೆ ಅಡ್ಡ ಮಲಗಿಸಿದಳು, ಬೆನ್ನು ತಿರುಗಿಸಿ ಕೂತಳು.

"ಬೆಳಿಗ್ಗೆ ಅರ್ಧ ಕೇಳಿದೆ, ಈಗ ಇನ್ನರ್ಧ ಕೇಳ್ತೀನಿ," ಎಂದಳು. "ಯಾಕೆ ತಗೊಂಡೆ, ತಾಯಿ?"

ಹುಲ್ಲು ಅಲ್ಲಾಡಿತು. ಆಮೇಲೆ ಹುಲ್ಲಿನೊಳಗಿನಿಂದ ಸಣ್ಣ ದನಿ ಬಂತು.

"ನಮ್ಮ ಬಿಲಕ್ಕೆ ಬಾಗಿಲಿಲ್ಲ ಅಜ್ಜಿ. ಗಾಳಿ ಒಳಗೆ ಬರುತ್ತೆ. ಮರಿಗಳಿಗೆ ಹೊದೆಸೋಕೆ ಬೇರೇನೂ ಸಿಗಲಿಲ್ಲ."

"ನಾನು ಕರ್ಕೊಂಡು ಹೋಗ್ತೀನಿ. ಬರ್ತೀಯಾ?"

ಗಡಿಗೆಯೊಳಗೆ ಸರಸರ ಸದ್ದಾಯಿತು. ಮಾಳಜ್ಜಿ ತಿರುಗಿ ನೋಡಿದಾಗ ಉಣ್ಣೆಯೊಳಗಿನಿಂದ ಮೀಸೆ ಮಾತ್ರ ಕಾಣುತ್ತಿತ್ತು.

ಬದುವಿನ ಹತ್ತಿರ ಬರುವಷ್ಟರಲ್ಲಿ ಕೆಂಚವ್ವ ಅಲ್ಲಿ ನಿಂತಿದ್ದಳು. ಕೂಸು ಬೆನ್ನಿಗಿತ್ತು. ಅವಳ ಕೈಯಲ್ಲಿ ಒಂದು ಬಟ್ಟೆಯ ಗಂಟು.

"ಗಾಳಿ ಹೇಳಿದ್ದು ನನಗೂ ಕೇಳಿಸ್ತು ಅತ್ತೆ," ಎಂದಳು ನೆಲ ನೋಡುತ್ತಾ. ಗಂಟು ಬಿಚ್ಚಿದಳು. ಕೂಸಿನ ಹಾಸಿಗೆಯ ಕೆಳಗಿನ ಸಣ್ಣ ಕಲ್ಲುಗಳು, ಇನ್ನೂ ಬಿಸಿ ಆರಿರಲಿಲ್ಲ. "ಅರ್ಧ ತಂದಿದೀನಿ. ಅರ್ಧ ಇವನಿಗೆ ಸಾಕು."

ಇಲಿ ಬಿಲದೊಳಗೆ ಓಡಿತು. ಅತ್ತೆ ಸೊಸೆ ಇಬ್ಬರೂ ಬಿಲದ ಬಾಯಿಗೆ ಕಿವಿಯಿಟ್ಟು ಕಾದರು. ಒಳಗಿನಿಂದ ಏನೂ ಕೇಳಿಸಲಿಲ್ಲ. ಇನ್ನೂ ಕಾದರು. ಆಮೇಲೆ ಒಂದು ಮರಿ ಚೀಂಯ್ ಎಂದಿತು. ಇನ್ನೊಂದು ಚೀಂಯ್ ಎಂದಿತು.

"ಎಷ್ಟು?" ಎಂದಳು ಮಾಳಜ್ಜಿ.

"ಆರೂ ಇದ್ದಾವೆ ಅಜ್ಜಿ! ತಣ್ಣಗಾಗಿವೆ, ಆದರೆ ಇದ್ದಾವೆ!"

ಕೆಂಚವ್ವ ಒಂದೊಂದೇ ಕಲ್ಲನ್ನು ಬಿಲದ ಬಾಯಿಗೆ ಇಟ್ಟಳು. ಇಲಿ ಒಂದೊಂದನ್ನೇ ಬಾಯಲ್ಲಿ ಕಚ್ಚಿಕೊಂಡು ಒಳಗೆ ಒಯ್ದು ಹಾಸಿತು. ಬೆಚ್ಚನೆಯ ಕಲ್ಲಿನ ಮೇಲೆ ಉಣ್ಣೆ, ಉಣ್ಣೆಯ ಮೇಲೆ ಮರಿಗಳು.

"ಹಾಸಿಗೆ ಆಯ್ತು, ಇನ್ನು ಬಾಗಿಲು," ಎಂದಳು ಮಾಳಜ್ಜಿ. "ಸರಿಯಾಗಿ ನೋಡ್ಕೋ, ಇನ್ನೊಂದು ಸಲ ಹೇಳಿಕೊಡಲ್ಲ."

ಈ ಹೊಲದ ಕಲ್ಲುಗಳನ್ನು ಅವಳು ದಿನವೂ ಬೈಯುತ್ತಿದ್ದಳು. ಈಗ ಮಂಡಿಯೂರಿ ಅವನ್ನೇ ಆರಿಸಿದಳು. ದೊಡ್ಡದು ಬೇಡ, ಇಲಿಗೆ ಎತ್ತಲಾಗದು. ತೀರಾ ಸಣ್ಣದು ಬೇಡ, ಗಾಳಿ ನುಸುಳುತ್ತದೆ. ಕೆಳಗೆ ಅಗಲವಾದದ್ದು, ಮೇಲೆ ಕಿರಿದಾದದ್ದು, ಸಂದಿಗೆ ಇನ್ನೂ ಕಿರಿದಾದದ್ದು. ಇಲಿ ಒಟ್ಟಿತು. ಒಂದು ಕಲ್ಲು ಓರೆಯಾಗಿತ್ತು.

"ತೆಗಿ. ಮತ್ತೆ ಇಡು," ಎಂದಳು ಮಾಳಜ್ಜಿ.

"ಅತ್ತೆ, ಅದು ಇಲಿ," ಎಂದಳು ಕೆಂಚವ್ವ.

"ಇಲಿಯಾದರೇನು? ಓರೆ ಓರೆಯೇ."

ಇಲಿ ತೆಗೆದು ಮತ್ತೆ ಇಟ್ಟಿತು. ಈ ಸಲ ಸರಿಯಾಗಿ ಕೂತಿತು.

"ಸಂಜೆ ಆದರೆ ಒಳಗಿನಿಂದ ಹಾಕ್ಕೋ. ಬೆಳಿಗ್ಗೆ ಆದರೆ ತೆಗಿ," ಎಂದಳು ಮಾಳಜ್ಜಿ. "ಇನ್ನು ನಮ್ಮ ಬುಟ್ಟಿಗೆ ಬರಬಾರದು."

ಕಲ್ಲಿನ ಹಿಂದಿನಿಂದ ಇಲಿಯ ದನಿ ಬಂತು. "ಬಾಗಿಲಿದ್ದರೆ ನಾನ್ಯಾಕೆ ಬರಲಿ ಅಜ್ಜಿ?"

ಸೂರ್ಯ ಇಳಿದ. ಮೂಡಣ ಗಾಳಿ ಬದುವಿನ ಉದ್ದಕ್ಕೂ ಬಂತು. ಬಿಲದ ಹತ್ತಿರ ನಿಂತಿತು. ಕಲ್ಲುಗಳನ್ನು ಒಮ್ಮೆ ಮುಟ್ಟಿತು, ಸಂದಿ ಹುಡುಕಿತು. ಸಂದಿ ಇರಲಿಲ್ಲ.

"ಬಾಗಿಲಿದೆ," ಎಂದಿತು ಗಾಳಿ. ತಿರುಗಿ ಹೋಯಿತು.

ಮಾಳಜ್ಜಿ ಮನೆಗೆ ಬಂದು, ಇಲಿ ನುಗ್ಗುತ್ತಿದ್ದ ಗೋಡೆಯ ತೂತಿಗೆ ಹಸಿಮಣ್ಣು ಮೆತ್ತಿದಳು. ಕೂಸಿನ ಕಂಬಳಿ ನಾಲ್ಕು ದಿನದಲ್ಲಿ ಮುಗಿಯಿತು. ಒಂದು ಮೂಲೆ ಕಡಿಮೆಯೇ ಇತ್ತು. ನೂಲು ದಪ್ಪವಾದರೆ ಕಿತ್ತುಹಾಕುವ ಮಾಳಜ್ಜಿ ಆ ಮೂಲೆಯನ್ನು ಮಾತ್ರ ಸರಿಮಾಡಲಿಲ್ಲ. ಯಾರನ್ನಾದರೂ ಕೇಳುವ ಹೊತ್ತು ಬಂದಾಗ ಅದನ್ನೊಮ್ಮೆ ನೋಡಿಕೊಳ್ಳುತ್ತಿದ್ದಳು.

ಆಮೇಲೆ ಗುಡ್ಡಗಳು ಕೂತಲ್ಲೇ ಕೂತವು. ಹಳ್ಳಕ್ಕೆ ದಾರಿ ಬಾಯಿಪಾಠವಾಯಿತು. ಮನುಷ್ಯರು ಮರ ಸೀಳಲು ಕಲಿತರು. ಹಲಗೆ, ಚಿಲಕ, ಬೀಗ ಎಲ್ಲ ಬಂತು. ಕಲ್ಲು ಒಟ್ಟುವ ಕೂಲಿ ತಪ್ಪಿತೆಂದು ಈರಗ್ಯಾತನ ಮಕ್ಕಳು ಮೊಮ್ಮಕ್ಕಳು ಖುಷಿಪಟ್ಟರು.

ಹೊಲದ ಇಲಿ ಮಾತ್ರ ಕಲಿತದ್ದನ್ನು ಬಿಡಲಿಲ್ಲ. ತಾಯಿ ಮರಿಗೆ ಕಲಿಸಿತು, ಆ ಮರಿ ತನ್ನ ಮರಿಗೆ ಕಲಿಸಿತು. ಇವತ್ತಿಗೂ ಕಲ್ಲು ಹೊಲದ ಬದುವಿನಲ್ಲಿ ನಡೆಯುವಾಗ ಬಗ್ಗಿ ನೋಡು. ಯಾರೋ ಕೈಯಲ್ಲಿ ಆರಿಸಿ ಇಟ್ಟಹಾಗೆ ಸಣ್ಣ ಸಣ್ಣ ಕಲ್ಲುಗಳು ಒಂದು ಬಿಲದ ಬಾಯಲ್ಲಿ ಒಟ್ಟಿಕೊಂಡಿರುತ್ತವೆ. ಕಡ್ಡಿಯಿಂದ ಕೆದಕಬೇಡ. ಒಳಗೆ ಮಲಗಿದ್ದಾರೆ, ಬಾಗಿಲು ಹಾಕಿಕೊಂಡಿದ್ದಾರೆ.